ತುಟಿಗೂ ಮಾತಿಗೂ ಹೊಂದಿಕೆ: ಸಂಕಲನಕಾರನ ಮೇಜಿನ ಮೇಲಿನ ಭೌತವಿಜ್ಞಾನ

ಶ್ರೀರಂಗಪಟ್ಟಣದ ಬಳಿ ಕಾವೇರಿಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ಈಚೆ ದಡದಿಂದ ಗಮನಿಸಿ. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ. ‘ಧಪ್’ ಎಂಬ ಸದ್ದು ಆಮೇಲೆ ಕೇಳುತ್ತದೆ. ಕಾರಣ ನಿಮಗೆ ಗೊತ್ತು. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗಿದರೆ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದ ಸಾಗುವುದು ಸುಮಾರು 346 ಮೀಟರ್ ಮಾತ್ರ. ಪಠ್ಯಪುಸ್ತಕದ ಈ ಸರಳ ಸಂಗತಿ ಚಲನಚಿತ್ರ ಮತ್ತು ದೂರದರ್ಶನದ ಸಂಕಲನಕಾರರನ್ನು ದಿನವೂ ಕಾಡುತ್ತದೆ. ಪಾಠಗಳ ವಿಡಿಯೊ ತಯಾರಿಸುವ ಶಿಕ್ಷಕರನ್ನೂ ಅದು ಬಿಟ್ಟಿಲ್ಲ.

ಒಂದು ಫ್ರೇಮ್ ಎಂದರೆ ಎಷ್ಟು ದೂರ?

ಚಲನಚಿತ್ರದ ಒಂದೊಂದು ಬಿಡಿ ಚಿತ್ರವೂ ಒಂದು ಫ್ರೇಮ್. ಸಿನಿಮಾದಲ್ಲಿ ಸೆಕೆಂಡಿಗೆ 24, ನಮ್ಮ ದೂರದರ್ಶನದಲ್ಲಿ 25, ಮೊಬೈಲ್ ಫೋನಿನಲ್ಲಿ ಸಾಮಾನ್ಯವಾಗಿ 30 ಫ್ರೇಮ್‌ಗಳಿರುತ್ತವೆ. ಅಂದರೆ ಸಿನಿಮಾದ ಒಂದು ಫ್ರೇಮಿನ ಅವಧಿ ಸುಮಾರು 42 ಮಿಲಿಸೆಕೆಂಡ್. ಇಷ್ಟು ಕಾಲದಲ್ಲಿ ಶಬ್ದ ಸಾಗುವ ದೂರ ಸುಮಾರು 14 ಮೀಟರ್. ಕ್ಯಾಮೆರಾದ ಮೇಲೆಯೇ ಮೈಕ್ ಇಟ್ಟು, ನಟನಿಂದ 28 ಮೀಟರ್ ದೂರ ನಿಂತು ಚಿತ್ರೀಕರಿಸಿದರೆ ಮಾತು ತುಟಿಗಿಂತ ಎರಡು ಫ್ರೇಮ್ ಹಿಂದೆ ಬೀಳುತ್ತದೆ. ಆದ್ದರಿಂದಲೇ ಕ್ಯಾಮೆರಾ ಎಷ್ಟೇ ದೂರವಿದ್ದರೂ ಮೈಕ್ ನಟನ ಹತ್ತಿರ ಇರಬೇಕು.

ಮಂಡ್ಯ ಜಿಲ್ಲೆಗೆ ಸಿನಿಮಾ ಹೊಸದಲ್ಲ. ನಿರ್ದೇಶಕ ನಾಗತಿಹಳ್ಳಿ ಚಂದ್ರಶೇಖರ್ ನಾಗಮಂಗಲ ತಾಲ್ಲೂಕಿನವರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ, ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ ಇದೇ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಚಿತ್ರಿತವಾಯಿತು. ಅದರಲ್ಲಿ ನಟಿಸಿದವರು ಬಹುಪಾಲು ಹಳ್ಳಿಯ ಜನರೇ. ಸ್ಟುಡಿಯೊದಲ್ಲಿ ಡಬ್ಬಿಂಗ್ ಮಾಡುವಾಗ ಕಲಾವಿದರು ತುಟಿಚಲನೆ ನೋಡಿಕೊಂಡು ಮತ್ತೆ ಮಾತಾಡುತ್ತಾರೆ. ಸ್ಥಳದಲ್ಲೇ ಧ್ವನಿ ಮುದ್ರಿಸುವಾಗ ಆಡುಮಾತಿನ ಸಹಜತೆ ಉಳಿಯುತ್ತದೆ. ಆದರೆ ಚಿತ್ರ ಒಂದು ಯಂತ್ರದಲ್ಲಿ, ಧ್ವನಿ ಇನ್ನೊಂದರಲ್ಲಿ ದಾಖಲಾಗುವುದರಿಂದ ಅವೆರಡನ್ನು ಜೋಡಿಸುವ ಹೊಣೆ ಸಂಕಲನಕಾರನದು. ಕ್ಲ್ಯಾಪ್ ಬೋರ್ಡಿನ ಕೆಲಸ ಇಲ್ಲಿದೆ. ಎರಡು ಹಲಗೆಗಳು ಕೂಡುವ ಫ್ರೇಮನ್ನೂ ಧ್ವನಿರೇಖೆಯಲ್ಲಿ ಚೂಪಾಗಿ ಏಳುವ ಶಿಖರವನ್ನೂ ಒಂದರ ಮೇಲೊಂದು ಕೂರಿಸಿದರೆ ಆ ದೃಶ್ಯದ ಮಾತುಗಳು ತುಟಿಗೆ ಹೊಂದುತ್ತವೆ.

ಮೆದುಳಿನ ಪಕ್ಷಪಾತ

ವ್ಯತ್ಯಾಸ ಎಷ್ಟಾದರೆ ನೋಡುಗರಿಗೆ ತಿಳಿಯುತ್ತದೆ? ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.1359 ಎಂಬ ಶಿಫಾರಸಿನ ಪ್ರಕಾರ, ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಬಂದರೆ ನೋಡುಗರು ಗುರುತಿಸಬಲ್ಲರು. ಹಿಂದೆ ಬಿದ್ದರೆ ಮಾತ್ರ 125 ಮಿಲಿಸೆಕೆಂಡ್‌ವರೆಗೂ ಗುರುತಿಸಲಾರರು. ಈ ಎರಡು ಮಿತಿಗಳು ಏಕೆ ಸಮಾನವಾಗಿಲ್ಲ? ಪ್ರಕೃತಿಯಲ್ಲಿ ಶಬ್ದ ಬೆಳಕಿಗಿಂತ ಮುಂದೆ ಬಂದು ಮುಟ್ಟುವ ಪ್ರಸಂಗವೇ ಇಲ್ಲ. ತಡವಾಗಿ ಬರುವ ಶಬ್ದಕ್ಕೆ ಮೆದುಳು ಹುಟ್ಟಿನಿಂದಲೇ ಒಗ್ಗಿಕೊಂಡಿದೆ. ಮೊದಲೇ ಬರುವ ಶಬ್ದ ಅದಕ್ಕೆ ಅಸಹಜ. ಇಂಥ ಶಿಫಾರಸುಗಳು ಈಗ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ತರಗತಿಯಲ್ಲಿ ಚರ್ಚಿಸಲು ಒಳ್ಳೆಯ ಸಾಮಗ್ರಿ.

ಟೂರಿಂಗ್ ಟಾಕೀಸಿನ ಕಾಲದಲ್ಲೂ ಈ ಸಮಸ್ಯೆ ಇತ್ತು. 35 ಮಿ.ಮೀ. ಫಿಲ್ಮು ಪ್ರೊಜೆಕ್ಟರಿನ ಕಿಂಡಿಯಲ್ಲಿ ಪ್ರತಿ ಫ್ರೇಮಿಗೂ ನಿಂತು ನಿಂತು ಸಾಗಬೇಕು. ಧ್ವನಿಯನ್ನು ಓದುವ ಕಡೆ ಮಾತ್ರ ತಡೆಯಿಲ್ಲದೆ ಹರಿಯಬೇಕು. ಇವೆರಡು ಒಂದೇ ಜಾಗದಲ್ಲಿ ಸಾಧ್ಯವಿಲ್ಲ. ಆದ್ದರಿಂದ ಧ್ವನಿಪಟ್ಟಿಯನ್ನು ಚಿತ್ರಕ್ಕಿಂತ ಸುಮಾರು 20 ಫ್ರೇಮ್, ಎಂದರೆ 38 ಸೆಂ.ಮೀ.ನಷ್ಟು ಮುಂದೆ ಅಚ್ಚು ಹಾಕುತ್ತಿದ್ದರು. ನಡುವೆ ಬಿಡುವ ಫಿಲ್ಮಿನ ಕುಣಿಕೆ ಸಣ್ಣದೋ ದೊಡ್ಡದೋ ಆದರೆ ಮಾತು ತುಟಿಯನ್ನು ತಪ್ಪುತ್ತಿತ್ತು.

ಎರಡು ಗಡಿಯಾರಗಳ ಜಗಳ

ಡಿಜಿಟಲ್ ಯುಗದಲ್ಲಿ ಕುಣಿಕೆ ಹೋಯಿತು, ಗಡಿಯಾರ ಬಂತು. ಫೋನಿನಲ್ಲಿ ಚಿತ್ರವನ್ನು, ಪ್ರತ್ಯೇಕ ರೆಕಾರ್ಡರಿನಲ್ಲಿ ಧ್ವನಿಯನ್ನು ದಾಖಲಿಸಿದಿರಿ ಎನ್ನೋಣ. ಎರಡರಲ್ಲೂ ಒಂದೊಂದು ಸ್ಫಟಿಕ ಗಡಿಯಾರವಿದೆ. ಅವುಗಳ ನಡುವೆ ದಶಲಕ್ಷಕ್ಕೆ 20 ಭಾಗದಷ್ಟು ವ್ಯತ್ಯಾಸವಿದ್ದರೆ 45 ನಿಮಿಷದ ಪಾಠ ಮುಗಿಯುವಷ್ಟರಲ್ಲಿ 54 ಮಿಲಿಸೆಕೆಂಡ್ ಅಂತರ ಬೀಳುತ್ತದೆ. ಮೊದಲಲ್ಲಿ ಸರಿಯಿದ್ದದ್ದು ಕೊನೆಯಲ್ಲಿ ತಪ್ಪುತ್ತದೆ. ಪಾಠದ ಆದಿಯಲ್ಲೂ ಅಂತ್ಯದಲ್ಲೂ ಒಂದೊಂದು ಚಪ್ಪಾಳೆ ತಟ್ಟಿದರೆ ಈ ಅಂತರವನ್ನು ಅಳೆದು ಸರಿಪಡಿಸಬಹುದು.

ಇನ್ನೊಂದು ತೊಡಕಿದೆ. ಬೆಳಕು ಕಡಿಮೆಯಾದಾಗ ಅನೇಕ ಫೋನುಗಳು ಸೆಕೆಂಡಿಗಿರುವ ಫ್ರೇಮ್‌ಗಳ ಸಂಖ್ಯೆಯನ್ನು ತಾವೇ ತಗ್ಗಿಸುತ್ತವೆ. ಸಂಕಲನ ತಂತ್ರಾಂಶ ಸಮಾನ ಅಂತರದ ಫ್ರೇಮ್‌ಗಳನ್ನು ನಿರೀಕ್ಷಿಸುವುದರಿಂದ ಚಿತ್ರವೂ ಧ್ವನಿಯೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ದರವನ್ನು ಸ್ಥಿರಗೊಳಿಸಿಕೊಂಡು ಅನಂತರ ಸಂಕಲನಕ್ಕೆ ತೊಡಗುವುದು ಲೇಸು. ಸಂಕಲನಕ್ಕೆ ಕೆಡೆನ್‌ಲೈವ್, ಧ್ವನಿಗೆ ಆಡಾಸಿಟಿ ಉಚಿತವಾಗಿಯೇ ಸಿಗುತ್ತವೆ.

ಚಪ್ಪಾಳೆ ತಟ್ಟಲು ಮರೆತಿದ್ದರೆ? ನಮ್ಮ ವರ್ಣಮಾಲೆಯೇ ನೆರವಿಗೆ ಬರುತ್ತದೆ. ಪ, ಬ, ಮ ಓಷ್ಠ್ಯಗಳು. ತುಟಿ ಮುಚ್ಚದೆ ಇವನ್ನು ನುಡಿಯಲಾಗದು. ‘ಪ್ರಯೋಗ’, ‘ಬಲ’ ಎಂಬ ಪದ ಬಂದಲ್ಲಿ ಮುಚ್ಚಿದ ತುಟಿ ಬಿಡುವ ಫ್ರೇಮನ್ನು ಹುಡುಕಿ. ಧ್ವನಿರೇಖೆ ಅಲ್ಲಿಯೇ ಏಳಬೇಕು. ಸಂಕಲನಕಾರರು ಬಳಸುವ ಉಪಾಯವೂ ಇದೇ.

ಇದು ಬರಿಯ ಅಂದದ ಪ್ರಶ್ನೆಯಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯ ಪಾಠಗಳೂ ಶಿಕ್ಷಕರ ವಿಡಿಯೊಗಳೂ ಮಕ್ಕಳನ್ನು ತಲುಪಿದವು. ಅಂಥ ಪಾಠಗಳು ಈಗಲೂ ತಯಾರಾಗುತ್ತಿವೆ. ಶ್ರವಣದೋಷವುಳ್ಳ ಮಗು ಅರೆಬರೆ ಕೇಳಿಸಿದ್ದನ್ನು ತುಟಿಚಲನೆಯಿಂದ ಪೂರ್ತಿ ಮಾಡಿಕೊಳ್ಳುತ್ತದೆ. ಹೊಂದಿಕೆ ತಪ್ಪಿದರೆ ಉಳಿದವರಿಗೆ ಕಿರಿಕಿರಿ ಅಷ್ಟೆ. ಆ ಮಗುವಿಗೆ ಪಾಠವೇ ಕೈತಪ್ಪುತ್ತದೆ.

ನೀವೇ ಮಾಡಿ ನೋಡಿ

ಪಾಂಡವಪುರವಾಗಲಿ ಕೃಷ್ಣರಾಜಪೇಟೆಯಾಗಲಿ, ಶಾಲೆಗೊಂದು ಆಟದ ಮೈದಾನವಿದ್ದರೆ ಶಬ್ದದ ವೇಗವನ್ನು ಅಳೆಯಬಹುದು.

1. ಬಿಸಿಲಿರುವಾಗ, ಗಾಳಿ ಕಡಿಮೆಯಿದ್ದಾಗ, ಫೋನನ್ನು ಅಲುಗದಂತೆ ನಿಲ್ಲಿಸಿ. ಒಂದು ಮೀಟರ್ ದೂರದಲ್ಲಿ ಎರಡು ಹಲಗೆಗಳನ್ನು ಬಡಿದು ಚಿತ್ರೀಕರಿಸಿ. ಇಲ್ಲಿ ಕಾಣುವ ವ್ಯತ್ಯಾಸ ಫೋನಿನದೇ. ವರ್ನಿಯರ್ ಮಾಪಕದಲ್ಲಿ ಮಾಡುವಂತೆ ಇದನ್ನು ಶೂನ್ಯದೋಷವೆಂದು ಬರೆದಿಟ್ಟುಕೊಳ್ಳಿ.

2. ಟೇಪಿನಿಂದ 100 ಮೀಟರ್ ಅಳೆದು, ಅಲ್ಲಿ ವಿದ್ಯಾರ್ಥಿಯೊಬ್ಬ ಹಲಗೆಗಳನ್ನು ತಲೆಯ ಮೇಲೆತ್ತಿ ಬಡಿಯಲಿ. ಹತ್ತು ಬಾರಿ ಚಿತ್ರೀಕರಿಸಿ.

3. ಸಂಕಲನ ತಂತ್ರಾಂಶದಲ್ಲಿ ಹಲಗೆ ಕೂಡಿದ ಫ್ರೇಮಿನಿಂದ ಧ್ವನಿಶಿಖರದವರೆಗೆ ಫ್ರೇಮ್‌ಗಳನ್ನು ಎಣಿಸಿ, ಶೂನ್ಯದೋಷವನ್ನು ಕಳೆದು, ಸರಾಸರಿ ತೆಗೆಯಿರಿ.

ಸೆಕೆಂಡಿಗೆ 30 ಫ್ರೇಮ್ ಇದ್ದು, ಉತ್ತರ 9 ಫ್ರೇಮ್ ಬಂತು ಎನ್ನೋಣ. ಕಾಲ 0.3 ಸೆಕೆಂಡ್, ವೇಗ ಸೆಕೆಂಡಿಗೆ 333 ಮೀಟರ್. ಎಣಿಕೆಯಲ್ಲಿ ಒಂದು ಫ್ರೇಮ್ ತಪ್ಪಿದರೆ ಶೇಕಡಾ 11ರಷ್ಟು ದೋಷ. 200 ಮೀಟರ್ ದೂರಕ್ಕೆ ಹೋದರೆ ಅದೇ ಒಂದು ಫ್ರೇಮಿನ ದೋಷ ಅರ್ಧಕ್ಕೆ ಇಳಿಯುತ್ತದೆ. ಏಕೆ ಎಂಬುದನ್ನು ವಿದ್ಯಾರ್ಥಿಗಳೇ ಹೇಳಲಿ. ಚಳಿಗಾಲದ ಬೆಳಿಗ್ಗೆಯೂ ಬೇಸಿಗೆಯ ಮಧ್ಯಾಹ್ನವೂ ಪ್ರಯೋಗ ಮಾಡಿದರೆ ಉಷ್ಣತೆಯ ಪರಿಣಾಮ ಈ ಅಳತೆಯಲ್ಲಿ ಕಂಡೀತೇ? ಡಿಗ್ರಿಗೆ ವೇಗ ಸೆಕೆಂಡಿಗೆ 0.6 ಮೀಟರಿನಷ್ಟು ಹೆಚ್ಚುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಮೈದಾನಕ್ಕೆ ಇಳಿಯುವ ಮೊದಲೇ ಲೆಕ್ಕ ಹಾಕಿ ನೋಡಿ.