‘ಸ್ಟಾಕ್ ಇಲ್ಲ’ ಎಂದಾಗ ಇಲ್ಲದ್ದು ಯಾವುದು?

ನೋವೋ ನಾರ್ಡಿಸ್ಕ್ ಕಂಪನಿ ಭಾರತದಲ್ಲಿ ತನ್ನ ಹ್ಯೂಮನ್ ಇನ್ಸುಲಿನ್ ಪೆನ್ನುಗಳ ಮಾರಾಟವನ್ನು ಹಂತಹಂತವಾಗಿ ನಿಲ್ಲಿಸುತ್ತಿದೆ ಎಂಬ ಸುದ್ದಿ 2025ರಲ್ಲಿ ಬಂದಾಗ, ಮಿಕ್ಸ್‌ಟಾರ್ಡ್ ಪೆನ್ನನ್ನೇ ನೆಚ್ಚಿಕೊಂಡಿದ್ದ ಮಧುಮೇಹಿಗಳು ಗಾಬರಿಯಾದದ್ದು ಸಹಜ. ದಕ್ಷಿಣ ಆಫ್ರಿಕಾದ ಸರ್ಕಾರಿ ಆಸ್ಪತ್ರೆಗಳ ರೋಗಿಗಳಿಗೆ ಇದೇ ಕಷ್ಟ 2024ರಲ್ಲೇ ಎದುರಾಗಿತ್ತು. ಆದರೆ ಗಾಬರಿಯಾಗುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಅಂಗಡಿಯವರು ‘ಸ್ಟಾಕ್ ಇಲ್ಲ’ ಎಂದಾಗ ನಿಜವಾಗಿ ಇಲ್ಲವಾದದ್ದು ಯಾವುದು: ಔಷಧವೇ, ಅದರ ಒಂದು ಬ್ರ್ಯಾಂಡೇ, ಅಥವಾ ಅದನ್ನು ತುಂಬಿಕೊಡುವ ಸಾಧನವೇ? ಪೆನ್ನುಗಳ ವಿಷಯದಲ್ಲಿ ಉತ್ತರ ಸ್ಪಷ್ಟ. ಅದೇ ಇನ್ಸುಲಿನ್ ಅದೇ ಕಂಪನಿಯ ಬಾಟಲಿಯಲ್ಲಿ, ಅಂದರೆ ವಯಲ್‌ನಲ್ಲಿ, ಮುಂದುವರಿಯುತ್ತದೆ; ಬೇರೆ ಕಂಪನಿಗಳೂ ಅದನ್ನು ತಯಾರಿಸುತ್ತವೆ. ಔಷಧದ ಕೊರತೆಯನ್ನು ಎದುರಿಸಬೇಕಾದ ರೋಗಿಗೆ ಬ್ರ್ಯಾಂಡಿನ ಹೆಸರಿಗಿಂತ ಆ ಔಷಧದ ನಿಜವಾದ ಗುರುತು ಗೊತ್ತಿರುವುದೇ ದೊಡ್ಡ ರಕ್ಷಣೆ ಎಂಬುದು ನನ್ನ ವಾದ.

ಇನ್ಸುಲಿನ್ನಿನ ಗುರುತನ್ನು ಖಚಿತವಾಗಿ ಬರೆದಿಟ್ಟವರು ಬ್ರಿಟನ್ನಿನ ಫ್ರೆಡರಿಕ್ ಸ್ಯಾಂಗರ್. ದನದ ಇನ್ಸುಲಿನ್ನಿನಲ್ಲಿ 51 ಅಮೈನೊ ಆಮ್ಲಗಳು ಯಾವ ಕ್ರಮದಲ್ಲಿ ಪೋಣಿಸಿಕೊಂಡಿವೆ ಎಂಬುದನ್ನು ಅವರು 1955ರ ಹೊತ್ತಿಗೆ ಪೂರ್ತಿ ಬಿಡಿಸಿದರು; 1958ರಲ್ಲಿ ಅದಕ್ಕೆ ನೊಬೆಲ್ ಬಂತು. ಮನುಷ್ಯರ ಇನ್ಸುಲಿನ್ನಿಗೂ ಅದಕ್ಕೂ ಮೂರೇ ಅಮೈನೊ ಆಮ್ಲಗಳ ವ್ಯತ್ಯಾಸ. ಕ್ರಮ ಗೊತ್ತಾದ ಮೇಲೆ ಅದೇ ಅಣುವನ್ನು ಸೂಕ್ಷ್ಮಜೀವಿಗಳಿಂದ ಮಾಡಿಸುವ ದಾರಿ ತೆರೆಯಿತು. 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಹ್ಯೂಮನ್ ಇನ್ಸುಲಿನ್ ತಯಾರಾದದ್ದು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ. ನೋವೋ ಬಳಸುವುದು ಬ್ರೆಡ್ಡಿನ ಯೀಸ್ಟನ್ನು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಹೊರತಂದ ಇನ್ಸುಜೆನ್‌ಗೆ ಪಿಚಿಯಾ ಎಂಬ ಇನ್ನೊಂದು ಯೀಸ್ಟ್ ಆಸರೆ. ತಯಾರಿಸುವ ಜೀವಿ ಬೇರೆಯಾದರೂ ಕೊನೆಗೆ ದೊರೆಯುವುದು ಅದೇ 51 ಅಮೈನೊ ಆಮ್ಲಗಳ ಅದೇ ಅಣು. ಇನ್ಸುಲಿನ್ ದೇಹದಲ್ಲಿ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದವರು ಡೆನ್ಮಾರ್ಕಿನ ವೈದ್ಯ ಹ್ಯಾಗೆಡೋರ್ನ್. ಮೀನಿನ ವೀರ್ಯದಿಂದ ತೆಗೆದ ಪ್ರೋಟಮೀನ್ ಎಂಬ ಪ್ರೋಟೀನನ್ನು ಅವರು 1936ರಲ್ಲಿ ಇನ್ಸುಲಿನ್ನಿಗೆ ಬೆರೆಸಿದರು. ಹತ್ತು ವರ್ಷಗಳ ನಂತರ ಅವರ ಪ್ರಯೋಗಾಲಯದಲ್ಲೇ ಎನ್‌ಪಿಎಚ್ ರೂಪುಗೊಂಡಿತು. ಆ ಹೆಸರಿನ ಕೊನೆಯ ಅಕ್ಷರ ಹ್ಯಾಗೆಡೋರ್ನ್‌ರದೇ. ಮಿಕ್ಸ್‌ಟಾರ್ಡ್ 30ರಲ್ಲಿ ಇರುವುದು ಶೇ 30ರಷ್ಟು ಬೇಗ ಕೆಲಸ ಮಾಡುವ ರೆಗ್ಯುಲರ್ ಇನ್ಸುಲಿನ್, ಶೇ 70ರಷ್ಟು ಎನ್‌ಪಿಎಚ್. ಚೀಟಿಯಲ್ಲಿ ‘ಹ್ಯೂಮನ್ ಇನ್ಸುಲಿನ್ 30/70’ ಎಂದು ಬರೆಸಿಕೊಂಡವರಿಗೆ ಹಲವು ಬಾಗಿಲು ತೆರೆದಿರುತ್ತವೆ. ಬ್ರ್ಯಾಂಡಿನ ಹೆಸರೊಂದನ್ನೇ ಹಿಡಿದವರಿಗೆ ಇರುವುದು ಒಂದೇ ಬಾಗಿಲು.

ಆದರೆ ಅಣುವಿನ ಹೆಸರಿನ ಜೊತೆಗೆ ಸಾಂದ್ರತೆಯೂ ಗೊತ್ತಿರಬೇಕು. ಪೆನ್ನಿನಿಂದ ಬಾಟಲಿಗೆ ಮರಳುವಾಗ ಅಪಾಯ ಅಡಗಿರುವುದು ಇಲ್ಲೇ. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಒಂದು ಮಿಲಿಲೀಟರಿಗೆ 100 ಯೂನಿಟ್ ಇರುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಹ್ಯೂಮನ್ ಇನ್ಸುಲಿನ್ ಬಾಟಲಿಯಲ್ಲಿ ಇರುವುದು ಮಿಲಿಲೀಟರಿಗೆ 40 ಯೂನಿಟ್. ಸಿರಿಂಜುಗಳೂ ಎರಡು ಬಗೆ: ಕೆಂಪು ಮುಚ್ಚಳದ್ದು 40ರ ಇನ್ಸುಲಿನ್ನಿಗೆ, ಕಿತ್ತಳೆ ಮುಚ್ಚಳದ್ದು 100ರದ್ದಕ್ಕೆ. 20 ಯೂನಿಟ್ ಬೇಕಾದವರು 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 0.2 ಮಿಲಿಲೀಟರ್, ಅಂದರೆ ಬರೀ 8 ಯೂನಿಟ್. ಸಕ್ಕರೆ ಏರುತ್ತಲೇ ಹೋಗುತ್ತದೆ. ತಿರುಗಾಮುರುಗಾ ಆದರೆ ಇನ್ನೂ ಅಪಾಯ. ಮನೆಯಲ್ಲಿ ಉಳಿದ ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿಲಿಲೀಟರ್, ಅಂದರೆ 50 ಯೂನಿಟ್ ಮೈಗೆ ಸೇರುತ್ತದೆ. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಎರವಾಗಬಹುದು. ವೈದ್ಯರು ಹೇಳಿದ 20 ಯೂನಿಟ್ ಪೆನ್ನಿನಲ್ಲೂ ಬಾಟಲಿಯಲ್ಲೂ 20 ಯೂನಿಟ್ಟೇ. ಬದಲಾಗುವುದು ದ್ರವದ ಪ್ರಮಾಣ ಮತ್ತು ಅದನ್ನು ಅಳೆಯುವ ಸಿರಿಂಜು. ಹಾಗಾಗಿ ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಎಂದು ನೋಡದೆ ಸೂಜಿ ಚುಚ್ಚಬಾರದು.

‘ಕಂಪನಿ ಬದಲಾದರೆ ಮೈಗೆ ಒಗ್ಗುವುದಿಲ್ಲ’ ಎಂಬ ಆಕ್ಷೇಪ ಬಹಳ ಜನರದು. ಇದನ್ನು ತಳ್ಳಿಹಾಕಬೇಕಿಲ್ಲ, ಬ್ರ್ಯಾಂಡ್ ಬದಲಿಸಿದ ಮೇಲೆ ಸಕ್ಕರೆಯ ಮಟ್ಟ ಏರುಪೇರಾಗುವುದುಂಟು. ಆದರೆ ಅದಕ್ಕೆ ಬ್ರ್ಯಾಂಡೊಂದೇ ಕಾರಣವಾಗಿರಬೇಕಿಲ್ಲ. ಎನ್‌ಪಿಎಚ್ ಹರಳುಗಳ ರೂಪದಲ್ಲಿರುವ ಮೋಡದಂಥ ದ್ರವ. ಅಂಗೈಗಳ ನಡುವೆ ಚೆನ್ನಾಗಿ ಹೊರಳಿಸದಿದ್ದರೆ ಒಂದೊಂದು ಸಲ ಒಂದೊಂದು ಪ್ರಮಾಣ ಒಳಹೋಗುತ್ತದೆ. ಹೊಟ್ಟೆಗೆ ಚುಚ್ಚಿದಾಗ, ತೊಡೆಗೆ ಚುಚ್ಚಿದಾಗ ಹೀರಿಕೆಯ ವೇಗವೂ ಬೇರೆ. ಒಂದೇ ಬ್ರ್ಯಾಂಡಿನಲ್ಲೂ ಒಬ್ಬರಲ್ಲೇ ದಿನದಿಂದ ದಿನಕ್ಕೆ ಪರಿಣಾಮ ಹೆಚ್ಚುಕಡಿಮೆ ಆಗುತ್ತದೆ. ಆದ್ದರಿಂದ ಬದಲಾವಣೆಗೆ ಹೆದರಿ ಕೂರುವುದಕ್ಕಿಂತ, ವೈದ್ಯರಿಗೆ ತಿಳಿಸಿ ಬದಲಿಸಿ ಮೊದಲ ಒಂದೆರಡು ವಾರ ಗ್ಲುಕೋಮೀಟರಿನಲ್ಲಿ ಹೆಚ್ಚು ಸಲ ನೋಡಿಕೊಳ್ಳುವುದು ವಿವೇಕ.

ಇನ್ನೊಂದು ಮಾತು ಕೇಳಿಬರುತ್ತದೆ: ‘ಹಳೆಯದು ಹೋದರೆ ಹೋಗಲಿ, ಹೊಸ ಅನಲಾಗ್ ಇನ್ಸುಲಿನ್ನೇ ಒಳ್ಳೆಯದು.’ ಅನಲಾಗ್ ಎಂದರೆ ಅಣುವನ್ನೇ ತುಸು ಮಾರ್ಪಡಿಸಿ ಮಾಡಿದ ಇನ್ಸುಲಿನ್. ಟೈಪ್ 1 ಮಧುಮೇಹದಲ್ಲಿ, ಅದರಲ್ಲೂ ರಾತ್ರಿ ಸಕ್ಕರೆ ಕುಸಿಯುವವರಲ್ಲಿ, ಈ ಮಾತಿಗೆ ಬಲವಿದೆ. ಟೈಪ್ 2ರಲ್ಲಿ ಅಷ್ಟಿಲ್ಲ. 25 ಸಾವಿರಕ್ಕೂ ಹೆಚ್ಚು ಟೈಪ್ 2 ರೋಗಿಗಳ ದಾಖಲೆಗಳನ್ನು ನೋಡಿದ ಅಮೆರಿಕದ ಅಧ್ಯಯನವೊಂದು 2018ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಬಂತು. ಸಕ್ಕರೆ ತೀರಾ ಕುಸಿದು ಆಸ್ಪತ್ರೆ ಸೇರಬೇಕಾದ ಪ್ರಸಂಗಗಳು ದುಬಾರಿ ಅನಲಾಗ್‌ನಿಂದ ಕಡಿಮೆಯಾಗಲಿಲ್ಲ ಎಂಬುದು ಅದರ ಫಲಿತಾಂಶ. ಇಲ್ಲಿ ಹೆಸರಿನ ಗೊಂದಲವೂ ಉಂಟು. ಮಿಕ್ಸ್‌ಟಾರ್ಡ್ 30 ಹ್ಯೂಮನ್ ಇನ್ಸುಲಿನ್, ಊಟಕ್ಕೆ ಅರ್ಧ ಗಂಟೆ ಮೊದಲು. ನೋವೋಮಿಕ್ಸ್ 30 ಅನಲಾಗ್, ಊಟಕ್ಕೆ ಕೂರುವಾಗ. ‘30’ ಎಂಬ ಅಂಕಿ ಒಂದೇ ಎಂದು ಅಂಗಡಿಯಲ್ಲೇ ಅದಲುಬದಲು ಮಾಡಿಕೊಳ್ಳುವಂತಿಲ್ಲ.

ಏನೂ ಸಿಗದ ದಿನ ಡೋಸನ್ನು ಅರ್ಧಕ್ಕೆ ಇಳಿಸಿ ದಿನ ತಳ್ಳುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಬೇರೆ ಔಷಧದೊಂದಿಗೆ ಹೋಲಿಸಿ ನೋಡಿ: ಥೈರಾಯ್ಡ್ ಮಾತ್ರೆ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಒಂದೆರಡು ದಿನ ತಪ್ಪಿದರೆ ದೇಹ ತಾಳಿಕೊಳ್ಳುತ್ತದೆ. ಇನ್ಸುಲಿನ್ನಿಗೆ ಆ ಸಾವಕಾಶವಿಲ್ಲ. ಟೈಪ್ 1 ರೋಗಿಯಲ್ಲಿ ಅದು ನಿಂತರೆ ಒಂದೆರಡು ದಿನದೊಳಗೇ ಕೀಟೋಆಸಿಡೋಸಿಸ್, ಅಂದರೆ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ, ಶುರುವಾಗಬಹುದು. ಅಂಥವರು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾ ದಿನ ಕಳೆಯದೆ ನೇರ ಆಸ್ಪತ್ರೆಗೆ ಹೋಗಬೇಕು. ಕೊಂಡು ಗುಡ್ಡೆ ಹಾಕಿಕೊಳ್ಳುವುದೂ ಪರಿಹಾರವಲ್ಲ. ಮುಚ್ಚಳ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಣ್ಣಗಿರಬೇಕು, ಹೆಪ್ಪುಗಟ್ಟಬಾರದು; ಅವಧಿ ಮುಗಿದರೆ ಅದು ವ್ಯರ್ಥ, ಅಷ್ಟರಲ್ಲಿ ಇನ್ನೊಬ್ಬರ ಪಾಲೂ ಹೋಗಿರುತ್ತದೆ. ಒಂದು ತಿಂಗಳಿಗಾಗುವಷ್ಟು ಮುಂಗಡ ಇಟ್ಟುಕೊಳ್ಳುವುದು ಬೇರೆ ಮಾತು.

‘ಇಷ್ಟೆಲ್ಲ ತಿಳಿದಿರಬೇಕಾದ ಹೊರೆ ರೋಗಿಯ ಮೇಲೇಕೆ?’ ಎಂಬ ಆಕ್ಷೇಪ ನ್ಯಾಯವಾದದ್ದು. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಅದರ ಪಟ್ಟಿಯಲ್ಲಿರುವ ಔಷಧವನ್ನು ನಿಲ್ಲಿಸುವ ಕಂಪನಿ ಆರು ತಿಂಗಳು ಮೊದಲೇ ಸಾರ್ವಜನಿಕ ಪ್ರಕಟಣೆ ಕೊಟ್ಟು ಸರ್ಕಾರಕ್ಕೆ ತಿಳಿಸಬೇಕು. ಜನಹಿತಕ್ಕೆ ಬೇಕೆನಿಸಿದರೆ ಒಂದು ವರ್ಷದವರೆಗೆ ಉತ್ಪಾದನೆ ಮುಂದುವರಿಸಲು ಸರ್ಕಾರ ಹೇಳಬಹುದು. ಒಳ್ಳೆಯ ನಿಯಮ. ಆದರೆ ಆ ಪ್ರಕಟಣೆ ತಾಲ್ಲೂಕಿನ ಮೆಡಿಕಲ್ ಸ್ಟೋರಿನ ಗೋಡೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಫಲಕಕ್ಕೆ, ರೋಗಿಯ ಭಾಷೆಯಲ್ಲಿ ಬರಬೇಕು. ‘ಬದಲಿಗೆ ಇದು, ಇಂಥ ಸಿರಿಂಜಿನಲ್ಲಿ’ ಎಂಬ ಸೂಚನೆಯೂ ಅದರಲ್ಲಿರಬೇಕು. ಅದು ಕೈಗೂಡುವವರೆಗೆ, ಮುಂದಿನ ಸಲ ವೈದ್ಯರ ಬಳಿ ಹೋದಾಗ ಔಷಧದ ಮೂಲ ಹೆಸರು, ಮಿಶ್ರಣದ ಪ್ರಮಾಣ, ಸಾಂದ್ರತೆ, ಚುಚ್ಚುವ ಸಾಧನ ಈ ನಾಲ್ಕನ್ನೂ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ. ಕೊರತೆ ಬರುವ ಮೊದಲೇ ಮಾಡಿಟ್ಟುಕೊಳ್ಳಬಹುದಾದ, ದುಡ್ಡು ಖರ್ಚಾಗದ ಸಿದ್ಧತೆ ಇದು.