ತೂಕದ ಯಂತ್ರಕ್ಕೆ ಕಾಣದ ಸವಕಳಿ

ಎಪ್ಪತ್ತು ದಾಟಿದ ಅನೇಕರ ಮೈತೂಕ ಹತ್ತು ವರ್ಷಗಳಿಂದ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒಳಗೆ ಮಾತ್ರ ತೊಡೆಯ ಸ್ನಾಯು ಕರಗುತ್ತ, ಕೊಬ್ಬು ಏರುತ್ತಿರಬಹುದು. ಮುಪ್ಪಿನ ಈ ಸ್ನಾಯುನಷ್ಟಕ್ಕೆ 1989ರಲ್ಲಿ ಸಂಶೋಧಕ ಇರ್ವಿನ್ ರೋಸೆನ್‌ಬರ್ಗ್ ‘ಸಾರ್ಕೋಪೀನಿಯಾ’ ಎಂದು ಹೆಸರಿಟ್ಟರು. ಅದಕ್ಕೆ ಬೊಜ್ಜು ಸೇರಿಕೊಂಡರೆ ಎರಡೂ ಒಂದನ್ನೊಂದು ಬೆಳೆಸುತ್ತ ಹೋಗುತ್ತವೆ.

ಕೊಬ್ಬಿನ ಕೋಶಗಳು ಮಿತಿಮೀರಿ ಉಬ್ಬಿದಾಗ ಕೆಲವು ಸಾಯುತ್ತವೆ. ಸತ್ತದ್ದನ್ನು ತೆರವು ಮಾಡಲು ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ಬಂದು ಅದರ ಸುತ್ತ ಕಿರೀಟದ ಹಾಗೆ ಮುತ್ತಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಈ ಉಂಗುರ ಚೆನ್ನಾಗಿ ಕಾಣುತ್ತದೆ. ಗಾಯವಾದಾಗ ಬರುವ ಉರಿಯೂತ ಕೆಲಸ ಮುಗಿಸಿ ಅಡಗುತ್ತದೆ. ಇಲ್ಲಿ ಕೆಲಸ ಮುಗಿಯುವುದೇ ಇಲ್ಲ. ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6ರಂಥ ರಾಸಾಯನಿಕಗಳು ರಕ್ತಕ್ಕೆ ಜಿನುಗುತ್ತಲೇ ಇರುತ್ತವೆ. ಜ್ವರವಿಲ್ಲ, ನೋವಿಲ್ಲ; ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಮುಪ್ಪಿನಲ್ಲಿ ಹೀಗೆ ಹೊಗೆಯಾಡುವ ಉರಿಯೂತವನ್ನು ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ 2000ದಲ್ಲಿ ‘ಇನ್‌ಫ್ಲಮೇಜಿಂಗ್’ ಎಂದು ಕರೆದರು.

ಸ್ನಾಯುವಿನ ಪ್ರೋಟೀನು ಒಡೆಯುವ ಕೆಲಸ ಈ ಉರಿಯೂತದಿಂದ ಚುರುಕಾಗುತ್ತದೆ, ಇನ್ಸುಲಿನ್ ಪ್ರಭಾವ ಕುಗ್ಗುತ್ತದೆ. ತಿಂದ ಬೇಳೆ, ಮೊಟ್ಟೆ ಮೊದಲಿನಷ್ಟು ಸಲೀಸಾಗಿ ಸ್ನಾಯುವಿಗೆ ಸೇರುವುದಿಲ್ಲ. ಸವೆದ ಎಳೆಗಳನ್ನು ದುರಸ್ತಿ ಮಾಡುವ ಸ್ಯಾಟಲೈಟ್ ಕೋಶಗಳೂ ಸೋಲುತ್ತವೆ. ಬಲ ಕುಂದಿದಷ್ಟೂ ಓಡಾಟ ಕಡಿಮೆ. ಓಡಾಟ ಕಡಿಮೆಯಾದಷ್ಟೂ ಕೊಬ್ಬು ಹೆಚ್ಚು.

‘ನಾನು ತೆಳ್ಳಗಿದ್ದೇನೆ, ನನಗೇನು’ ಎಂದು ನಮ್ಮವರು ನೆಮ್ಮದಿಯಿಂದಿರುವಂತಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಜಾನ್ ಯುಡ್ಕಿನ್ ಇಬ್ಬರೂ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮನ್ನೇ ಹೋಲಿಸಿ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2.

ಇನ್ನು ನನಗೆ ಅತ್ಯಂತ ಭರವಸೆ ಕೊಡುವ ಸಂಗತಿ. ದುಡಿಯುವ ಸ್ನಾಯು ಕೂಡ ಇಂಟರ್‌ಲ್ಯೂಕಿನ್-6 ಬಿಡುಗಡೆ ಮಾಡುತ್ತದೆ ಎಂದು ಕೋಪನ್‌ಹೇಗನ್‌ನ ಬೆಂಟೆ ಪೆಡರ್ಸನ್ ತಂಡ ತೋರಿಸಿತು. ಅದೇ ರಾಸಾಯನಿಕ, ಆದರೆ ಸ್ವಲ್ಪ ಹೊತ್ತು ಏರಿ ಇಳಿಯುವಾಗ ಉರಿಯೂತ ತಣಿಸುವ ವಸ್ತುಗಳನ್ನು ಹೆಚ್ಚಿಸುತ್ತದೆ. 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನದಲ್ಲಿ ತೊಂಬತ್ತರ ಆಸುಪಾಸಿನ ದುರ್ಬಲ ವೃದ್ಧರು ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿದರು. ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು!

ಬರೀ ಊಟ ಬಿಟ್ಟು ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ವಯಸ್ಸಾದವರಿಗೆ ‘ತೂಕ ಇಳಿಸಿ’ ಎಂದಷ್ಟೇ ಹೇಳಿ ಕಳಿಸುವ ವೈದ್ಯರು ಭಾರದ ವ್ಯಾಯಾಮವನ್ನೂ ಸಾಕಷ್ಟು ಪ್ರೋಟೀನನ್ನೂ ಚೀಟಿಯಲ್ಲಿ ಬರೆಯಬೇಕು.