ಹಳೆ ಡೀಸೆಲ್ ಪಿಕಪ್ ‘ಎಷ್ಟು ಬೇಕಾದರೂ ಎಳೆಯುತ್ತೆ’ ಎನ್ನುವುದು ನಿಜವೇ?

ಕೆಟ್ಟು ನಿಂತ ಲಾರಿಗೆ ಹಗ್ಗ ಕಟ್ಟಿ, ಹಳೆಯ ಪಿಕಪ್ ಒಂದು ಸಲೀಸಾಗಿ ಎಳೆದೊಯ್ಯುವ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ‘ಹಳೇ ಡೀಸೆಲ್ ಇಂಜಿನ್ ಅಂದ್ರೆ ಇದು, ಈಗಿನವೆಲ್ಲ ಡಬ್ಬ’ ಎನ್ನುವ ಮಾತೂ ಜೊತೆಗಿರುತ್ತದೆ. ಬೀದರ್, ಭಾಲ್ಕಿ, ಔರಾದ್ ಕಡೆ ಸೋಯಾ, ತೊಗರಿ ರಾಶಿಯಾದಾಗ ಈ ಮಾತಿಗೆ ಬೆಲೆ ಬರುತ್ತದೆ. ಎರಡು ಟ್ರಿಪ್ ಮಾಲನ್ನು ಒಂದೇ ಸಲ ಎಪಿಎಂಸಿಗೆ ಹಾಕಿದರೆ ಬಾಡಿಗೆ ಉಳಿಯಿತಲ್ಲ!

ವಿಡಿಯೋ ನಿಜವೇ ಇರಬಹುದು. ಆದರೆ ಅದು ಹೇಳುವುದು ಬೇರೆಯೇ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ 3 ಟನ್ ತೂಕದ ಗಾಡಿ ಉರುಳುತ್ತಿರಲು ಸುಮಾರು 45 ಕೆ.ಜಿ.ಯಷ್ಟು ಬಲ ಸಾಕು. ಕೆಟ್ಟ ಜೀಪನ್ನು ಮೂರ್ನಾಲ್ಕು ಜನ ತಳ್ಳುವುದಿಲ್ಲವೇ? ಡೀಸೆಲ್ ಇಂಜಿನ್ ಕಡಿಮೆ ವೇಗದಲ್ಲೇ ಹೆಚ್ಚು ತಿರುಗುಬಲ ಕೊಡುತ್ತದೆ, ಫಸ್ಟ್ ಗೇರ್ ಅದನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಹಾಗಾಗಿ ನಿಧಾನಕ್ಕೆ ಎಳೆಯುವುದು ದೊಡ್ಡ ಸಾಹಸವೇನಲ್ಲ. ಅದರಲ್ಲಿ ‘ಹಳೆಯದು’ ಎನ್ನುವುದರ ಮಹಿಮೆಯೂ ಇಲ್ಲ. ಈಗಿನ ಟರ್ಬೊ ಡೀಸೆಲ್‌ಗಳ ತಿರುಗುಬಲ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ.

ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಬೀದರ್ ನಗರ ಇರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ. ಔರಾದ್ ಕಡೆ ಹೊರಟರೆ ಮಾಂಜ್ರಾ ನದಿಯತ್ತ ಇಳಿಯಬೇಕು. ಹತ್ತು ಅಡಿಗೆ ಒಂದು ಅಡಿ ಇಳಿಯುವ ಕಡಿದಾದ ಜಾಗದಲ್ಲಿ 3 ಟನ್ ಗಾಡಿಯನ್ನು ಸುಮಾರು 300 ಕೆ.ಜಿ. ಬಲ ಹಿಂದಿನಿಂದ ನೂಕುತ್ತದೆ. ತೂಕ ದುಪ್ಪಟ್ಟಾದರೆ ನೂಕುವ ಬಲವೂ ದುಪ್ಪಟ್ಟು. ವೇಗ 30ರಿಂದ 60 ಕಿ.ಮೀ.ಗೆ ಏರಿದರೆ ಬ್ರೇಕ್ ಹೀರಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟು. ಅದೆಲ್ಲ ಶಾಖವಾಗುತ್ತದೆ. ಡ್ರಮ್ ಕಾದು ಹಿಗ್ಗುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲದು.

ಹಳೆ ಡೀಸೆಲ್ ಗಾಡಿಯಲ್ಲಿ ಇನ್ನೊಂದು ತೊಡಕಿದೆ. ಬ್ರೇಕ್ ಹಗುರಾಗಲು ಬೇಕಾದ ನಿರ್ವಾತವನ್ನು ಒದಗಿಸುವುದು ಇಂಜಿನ್ನಿನಿಂದ ತಿರುಗುವ ಒಂದು ಪಂಪು. ಅದು ಸವೆದರೆ ಪೆಡಲ್ ಕಲ್ಲಿನಂತಾಗುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಇಂಜಿನ್ ಆಫ್ ಮಾಡುವವರು ಇದನ್ನು ನೆನಪಿಡಬೇಕು. ಹಗ್ಗ ಕಟ್ಟಿ ಎಳೆಸಿಕೊಳ್ಳುವ ಗಾಡಿಯ ಕಥೆಯೂ ಅದೇ: ಅದರ ಇಂಜಿನ್ ನಿಂತಿದ್ದರೆ ಬ್ರೇಕ್ ಬಿಗಿ, ಪವರ್ ಸ್ಟಿಯರಿಂಗ್ ಇದ್ದರೆ ಅದೂ ಬಿಗಿ. ಬಂಪರ್‌ಗೆ ಹಗ್ಗ ಕಟ್ಟಿದರೆ ಬಂಪರ್ ಕಿತ್ತು ಬರಬಹುದು; ಚಾಸಿಗೆ ಸೇರಿದ ಕೊಂಡಿಗೇ ಕಟ್ಟಬೇಕು.

‘ಹೆಚ್ಚುವರಿ ಪಾಟಾ ಹಾಕಿಸಿದ್ದೇನೆ’ ಎನ್ನುವವರಿದ್ದಾರೆ. ಪಾಟಾ ಹಾಕಿದರೆ ಗಾಡಿ ಕೂರುವುದು ತಪ್ಪುತ್ತದೆ ಅಷ್ಟೆ. ಬ್ರೇಕು, ಟೈರು, ಆಕ್ಸಲ್ ಹಳೆಯವೇ.

ನಿಮ್ಮ ಗಾಡಿಯ ಮಿತಿ ಆರ್‌ಸಿಯಲ್ಲೇ ಇದೆ. ಉದಾಹರಣೆಗೆ ಒಟ್ಟು ತೂಕ 2,900 ಕೆ.ಜಿ., ಖಾಲಿ ತೂಕ 1,700 ಎಂದಿದ್ದರೆ ಉಳಿದದ್ದು 1,200. ಚಾಲಕನ ತೂಕವೂ ಅದರಲ್ಲೇ ಬಂತು. ಕ್ವಿಂಟಲಿನ 25 ಚೀಲ ತೊಗರಿ ಹೇರಿದರೆ 2,500 ಆಯಿತು, ಮಿತಿಯ ಎರಡು ಪಟ್ಟಿಗೂ ಹೆಚ್ಚು. 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಂ ಪ್ರಕಾರ ಇದು ತಪ್ಪು. 2019ರ ತಿದ್ದುಪಡಿಯ ನಂತರ 194ನೇ ಕಲಂ ಹೇಳುವ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಮಾಲು ಇಳಿಸುವ ಖರ್ಚೂ ನಿಮ್ಮದೇ. ಉಳಿಸಲು ಹೊರಟದ್ದು ಒಂದು ಟ್ರಿಪ್ ಬಾಡಿಗೆ.

ಅನುಮಾನವಿದ್ದರೆ ಮಾಲು ಹೇರಿದ ಗಾಡಿಯನ್ನು ಒಮ್ಮೆ ವೇ ಬ್ರಿಜ್ ಮೇಲೆ ನಿಲ್ಲಿಸಿ, ಚೀಟಿಯನ್ನು ಆರ್‌ಸಿ ಪಕ್ಕ ಇಟ್ಟು ನೋಡಿ.